ಕಾಣದ ನಾಣ್ಯಕ್ಕೆ ಕಾಯ್ದೆ ಮಾಡುವವರು ಯಾರು?



ಜಮಖಂಡಿಯ ಕಾಲೇಜೊಂದರಲ್ಲಿ ಚಿತ್ರೀಕರಣ ಮುಗಿಸಿ, ಕ್ಯಾಮೆರಾ ದೀಪಗಳನ್ನು ವ್ಯಾನಿಗೆ ತುಂಬುತ್ತಿದ್ದೆವು. ಬಿ.ಕಾಂ. ಓದುವ ಹುಡುಗನೊಬ್ಬ ಬಳಿಗೆ ಬಂದು ಕೇಳಿದ: "ಸರ, ಈ ಬಿಟ್‌ಕಾಯಿನ್ ಅಂದ್ರ ಏನಂತ ನಮ್ಮ ಮಂತ್ರಿಗಳಿಗೆ ತಿಳಿದೈತೇನ್ರಿ? ತಿಳೀಲಾರದ ಕಾಯ್ದೆ ಹ್ಯಾಂಗ ಮಾಡ್ತಾರ್ರಿ?" ನಾನು ಬಿ.ಎಸ್ಸಿ. ಓದಿದವನು. ಆದರೂ ತಟ್ಟನೆ ಉತ್ತರ ಕೊಡಲು ಆಗಲಿಲ್ಲ. ಅಂದು ಬಾಕಿ ಉಳಿದ ಉತ್ತರವನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಈ ನಾಣ್ಯ ಏನೆಂದು ನೋಡೋಣ. ರಬಕವಿ-ಬನಹಟ್ಟಿಯ ಮಗ್ಗದ ಓಣಿಯನ್ನು ನೆನಪಿಗೆ ತಂದುಕೊಳ್ಳಿ. ಮಾಲಕರು ನೇಕಾರನಿಗೆ ನೂಲು ಕೊಡುತ್ತಾರೆ, ನೇಕಾರ ಸೀರೆ ನೇಯ್ದು ಒಪ್ಪಿಸುತ್ತಾನೆ. ಎಷ್ಟು ನೂಲು ಹೋಯಿತು, ಎಷ್ಟು ಸೀರೆ ಬಂತು, ಎಷ್ಟು ಮುಂಗಡ ಬಾಕಿ ಎಂಬುದೆಲ್ಲ ಮಾಲಕರ ಲೆಕ್ಕದ ಪುಸ್ತಕದಲ್ಲಿದೆ. ಪುಸ್ತಕ ಒಂದೇ. ಅದನ್ನು ನಂಬಲೇಬೇಕು. ಬ್ಯಾಂಕಿನ ವ್ಯವಸ್ಥೆಯೂ ಇಂಥದ್ದೇ. ಈಗ ಆ ಪುಸ್ತಕದ ಪ್ರತಿ ಓಣಿಯ ಮನೆಮನೆಯಲ್ಲೂ ಇದೆ, ಒಂದು ಸಾಲು ಬರೆದರೆ ಎಲ್ಲ ಪ್ರತಿಗಳಲ್ಲೂ ಅದು ಮೂಡುತ್ತದೆ ಎಂದು ಭಾವಿಸಿ. ಒಬ್ಬನು ಕದ್ದು ತಿದ್ದಿದರೆ ಉಳಿದವರ ಪ್ರತಿಗಳು ಅವನ ಸುಳ್ಳನ್ನು ಬಯಲಿಗೆ ಎಳೆಯುತ್ತವೆ. 2009ರ ಜನವರಿಯಲ್ಲಿ ಆರಂಭವಾದ ಬಿಟ್‌ಕಾಯಿನ್‌ನ ಮೂಲ ತತ್ತ್ವ ಇದೇ. ಜಗತ್ತಿನಾದ್ಯಂತ ಸಾವಿರಾರು ಕಂಪ್ಯೂಟರುಗಳಲ್ಲಿ ಅದರ ಲೆಕ್ಕದ ಪ್ರತಿಗಳಿವೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಹೊಸ ಪುಟ ಸೇರುತ್ತದೆ. ಒಟ್ಟು ನಾಣ್ಯಗಳು 2 ಕೋಟಿ 10 ಲಕ್ಷವನ್ನು ಮೀರುವಂತಿಲ್ಲ.

ಈ ನಾಣ್ಯಕ್ಕೆ ಒಡೆಯನಾಗಲು ಬೇಕಾದುದು ಒಂದು ಗುಪ್ತ ಕೀಲಿ, ಅಂದರೆ ಬಹಳ ಉದ್ದದ ಒಂದು ಸಂಖ್ಯೆ. ಕೀಲಿ ಯಾರ ಕೈಯಲ್ಲಿದೆಯೋ ನಾಣ್ಯ ಅವರದು. ಕಳೆದುಕೊಂಡರೆ ಮತ್ತೆ ಮಾಡಿಕೊಡುವ ಮ್ಯಾನೇಜರು ಇಲ್ಲ, ಅರ್ಜಿ ಕೊಡಲು ಶಾಖೆಯೂ ಇಲ್ಲ. ಇದನ್ನು ನೆನಪಿನಲ್ಲಿಡಿ, ಮುಂದಿನ ಕಥೆಗೆ ಬೇಕಾಗುತ್ತದೆ.

ಕಥೆ ನಮ್ಮ ರಾಜಧಾನಿಯದೇ. 2020ರ ನವೆಂಬರಿನಲ್ಲಿ ಬೆಂಗಳೂರಿನ ಸಿ.ಸಿ.ಬಿ. ಪೊಲೀಸರು ಹ್ಯಾಕಿಂಗ್ ಆರೋಪದ ಮೇಲೆ ಯುವಕನೊಬ್ಬನನ್ನು ಬಂಧಿಸಿದರು. ಸುಮಾರು 9 ಕೋಟಿ ರೂಪಾಯಿ ಮೌಲ್ಯದ 31 ಬಿಟ್‌ಕಾಯಿನ್ ವಶಪಡಿಸಿಕೊಂಡಿದ್ದೇವೆ ಎಂದು 2021ರ ಜನವರಿಯಲ್ಲಿ ಪ್ರಕಟಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಪೊಲೀಸರೇ ಬೇರೆ ಮಾತು ಹೇಳಬೇಕಾಯಿತು. ಆರೋಪಿ ತನ್ನದೆಂದು ತೋರಿಸಿದ್ದು ಒಂದು ವಿನಿಮಯ ಕೇಂದ್ರದ ಖಾತೆ, ಅದರ ಗುಪ್ತ ಕೀಲಿ ಅವನ ಬಳಿ ಇರಲೇ ಇಲ್ಲ! ಆಡಳಿತ ಪಕ್ಷ, ವಿರೋಧ ಪಕ್ಷಗಳ ನಡುವೆ ತಿಂಗಳುಗಟ್ಟಲೆ ವಾಗ್ವಾದ ನಡೆಯಿತು. 2023ರಲ್ಲಿ ವಿಶೇಷ ತನಿಖಾ ತಂಡವೇ ರಚನೆಯಾಯಿತು. ಯಾರ ಹೆಸರು ಯಾರೊಡನೆ ಸೇರಿದೆ ಎಂಬ ಚರ್ಚೆ ಬಹಳವಾಯಿತು. ಕೀಲಿ ಎಂದರೇನು, ವಶಪಡಿಸಿಕೊಂಡ ನಾಣ್ಯವನ್ನು ಸರ್ಕಾರ ಎಲ್ಲಿ ಇಡಬೇಕು ಎಂಬ ಚರ್ಚೆ ಅಷ್ಟಾಗಿ ಕೇಳಿಬರಲಿಲ್ಲ.

ದೆಹಲಿಯಲ್ಲಿ ಏನಾಯಿತು? 2018ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು ಈ ವ್ಯವಹಾರದವರಿಗೆ ಸೇವೆ ಕೊಡಬಾರದೆಂದು ಬ್ಯಾಂಕುಗಳಿಗೆ ಸುತ್ತೋಲೆ ಕಳುಹಿಸಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ರಿಸರ್ವ್ ಬ್ಯಾಂಕಿಗೆ ಅಧಿಕಾರವೇ ಇಲ್ಲವೆಂದು ಕೋರ್ಟು ಹೇಳಲಿಲ್ಲ. ಬ್ಯಾಂಕುಗಳಿಗೆ ಆದ ಹಾನಿಯನ್ನು ತೋರಿಸದೆ ಇಷ್ಟು ಕಠಿಣ ಕ್ರಮ ಸಲ್ಲದು ಎಂದಿತು. 2021ರಲ್ಲಿ ಸಂಸತ್ತಿನ ಕಾರ್ಯಸೂಚಿಯಲ್ಲಿ ಕ್ರಿಪ್ಟೋ ಮಸೂದೆಯೊಂದು ಕಾಣಿಸಿಕೊಂಡಿತು, ಆದರೆ ಮಂಡನೆಯಾಗಲಿಲ್ಲ. 2022ರ ಏಪ್ರಿಲಿನಿಂದ ಲಾಭದ ಮೇಲೆ ಶೇ. 30 ತೆರಿಗೆ, ಜುಲೈಯಿಂದ ವರ್ಗಾವಣೆಯ ಮೇಲೆ ಶೇ. 1 ಮೂಲದಲ್ಲೇ ಕಡಿತ ಜಾರಿಗೆ ಬಂದವು. 2023ರ ಮಾರ್ಚಿನಲ್ಲಿ ಈ ವ್ಯವಹಾರವನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ತರಲಾಯಿತು. ತೆರಿಗೆ ಬಂತು, ಕಾವಲು ಬಂತು. ಹಣ ಹಾಕಿದವರ ರಕ್ಷಣೆಗೆಂದೇ ಮಾಡಿದ ಸಮಗ್ರ ಕಾಯ್ದೆ ಮಾತ್ರ ಬರಲಿಲ್ಲ.

ಇದರ ಪರಿಣಾಮ ಏನು? 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ವಿನಿಮಯ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೋ ಕಳುವಾಯಿತು. ಹಣ ತೊಡಗಿಸಿದ್ದ ಭಾರತೀಯರು ತಿಂಗಳುಗಟ್ಟಲೆ ಕಾಯಬೇಕಾಯಿತು. ಪರಿಹಾರದ ಯೋಜನೆ ತೀರ್ಮಾನವಾದದ್ದು ಸಿಂಗಪುರದ ನ್ಯಾಯಾಲಯದಲ್ಲಿ, ಅದೂ 2025ರ ಅಕ್ಟೋಬರಿನಲ್ಲಿ. ಬ್ಯಾಂಕು ಮುಳುಗಿದರೆ ನಿಮ್ಮ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಇಲ್ಲಿ ಅಂಥ ವಿಮೆ ಇಲ್ಲ.

ಹಾಗಾದರೆ ಅವಸರದಿಂದ ಕಾಯ್ದೆ ಮಾಡಿದರೆ ಸಾಕೆ? ಮಧ್ಯ ಅಮೆರಿಕದ ಎಲ್ ಸಾಲ್ವಡೋರ್ ಹಾಗೆಯೇ ಮಾಡಿತು. 2021ರ ಜೂನಿನಲ್ಲಿ, ಮಸೂದೆ ಬಂದ ಕೆಲವೇ ಗಂಟೆಗಳಲ್ಲಿ, 84ರಲ್ಲಿ 62 ಸದಸ್ಯರು ಕೈಯೆತ್ತಿ ಬಿಟ್‌ಕಾಯಿನ್ ಅನ್ನು ದೇಶದ ಹಣವನ್ನಾಗಿ ಮಾಡಿದರು. 2025ರ ಜನವರಿಯಲ್ಲಿ ಅದನ್ನೇ ತಿದ್ದಿ, ಸ್ವೀಕರಿಸಲೇಬೇಕೆಂಬ ಕಡ್ಡಾಯವನ್ನು ಕೈಬಿಟ್ಟರು. ಕೇಳದೆ ಮಾಡಿದ ಕಾಯ್ದೆಗೂ ಮಾಡದೇ ಬಿಟ್ಟ ಕಾಯ್ದೆಗೂ ಬೆಲೆ ತೆರುವವನು ಸಾಮಾನ್ಯ ಮನುಷ್ಯನೇ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ತಿಳಿಯದವರು ಕಾಯ್ದೆ ಮಾಡಬಹುದೇ? ಉತ್ತರ ನಿಮ್ಮ ಊರುಗಳಲ್ಲೇ ಇದೆ.

ಮುಧೋಳದ ಕಬ್ಬು ಬೆಳೆಗಾರ ರಸಾಯನಶಾಸ್ತ್ರ ಓದಿದವನಲ್ಲ. ಆದರೆ ಶೇ. 10.25 ರಿಕವರಿ ಎಂದರೆ ತನ್ನ ಬಿಲ್ಲಿಗೆ ಏನು ಎಂಬುದು ಅವನಿಗೆ ಬಾಯಿಪಾಠ. 2025ರ ನವೆಂಬರಿನಲ್ಲಿ ಬೆಳೆಗಾರರು ಬೆಲೆಗಾಗಿ ಬೀದಿಗಿಳಿದಾಗ ಮಂತ್ರಿಗಳೂ ಆ ಲೆಕ್ಕವನ್ನು ಮುಂದಿಟ್ಟುಕೊಂಡು ಕೂಡಬೇಕಾಯಿತು. ಬೀಳಗಿಯ ರೈತ ಎಂಜಿನಿಯರ್ ಅಲ್ಲ. ಆದರೆ ಆಲಮಟ್ಟಿಯ 519.60 ಮೀಟರಿಗೂ 524.256 ಮೀಟರಿಗೂ ನಡುವೆ ಯಾರ ಹೊಲ ಮುಳುಗುತ್ತದೆ ಎಂದು ಅವನನ್ನು ಕೇಳಿ ನೋಡಿ. ಕೃಷ್ಣಾ ನದಿಗೆ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ಹಣ ಕೂಡಿಸಿ, ಬೆವರು ಸುರಿಸಿ ಬ್ಯಾರೇಜು ಕಟ್ಟಿದರು. ಮುಂದಾಳಾಗಿದ್ದ ಸಿದ್ದು ನ್ಯಾಮಗೌಡರು 1991ರಲ್ಲಿ ಲೋಕಸಭೆಗೆ ಆಯ್ಕೆಯಾಗಿ ಕೇಂದ್ರ ಮಂತ್ರಿಯೂ ಆದರು. ಜನ ಅವರನ್ನು 'ಬ್ಯಾರೇಜ್ ಸಿದ್ದು' ಎಂದೇ ಕರೆದರು.

ಇವೆಲ್ಲ ಹೇಳುವುದು ಒಂದೇ ಮಾತು. ಮತದಾರ ಏನನ್ನು ಬಿಡದೆ ಕೇಳುತ್ತಾನೋ ಅದನ್ನು ರಾಜಕಾರಣಿ ಕಲಿಯುತ್ತಾನೆ. ಬಿಟ್‌ಕಾಯಿನ್‌ನ ಗಣಿತವನ್ನು ಶಾಸಕರು ಬಿಡಿಸಬೇಕಾಗಿಲ್ಲ. ಅದಕ್ಕೆ ಪರಿಣತರಿದ್ದಾರೆ. 2021ರ ನವೆಂಬರಿನಲ್ಲಿ ಸಂಸತ್ತಿನ ಹಣಕಾಸು ಸ್ಥಾಯಿ ಸಮಿತಿ ಈ ಉದ್ಯಮದವರನ್ನೂ ತಜ್ಞರನ್ನೂ ಕರೆಸಿ ಕೇಳಿತ್ತು. ಅದು ಸರಿಯಾದ ದಾರಿ. ಆದರೆ ಉದ್ಯಮದವರು ಬಿಡಿಸಿ ಹೇಳುವುದು ಲಾಭದ ಮಾತನ್ನು. ನಷ್ಟ ಯಾರ ತಲೆಗೆ ಎಂದು ಕೇಳಬೇಕಾದವರು ಜನಪ್ರತಿನಿಧಿಗಳು. ಅವರನ್ನು ಕೇಳುವಂತೆ ಮಾಡಬೇಕಾದವರು ನಾವು.

ನಿಮ್ಮಲ್ಲಿ ಅನೇಕರಿಗೆ ಹದಿನೆಂಟು ತುಂಬಿದೆ, ಉಳಿದವರಿಗೆ ಬೇಗನೆ ತುಂಬುತ್ತದೆ. ಮತ ಕೇಳಲು ಬಂದವರ ಮುಂದೆ ಮೂರು ಪ್ರಶ್ನೆ ಇಡಿ. ಗ್ರಾಹಕನ ನಾಣ್ಯದ ಕೀಲಿ ಯಾರ ಕೈಯಲ್ಲಿರಬೇಕು? ವಿನಿಮಯ ಕೇಂದ್ರ ಮುಳುಗಿದರೆ ಮೊದಲ ಹಕ್ಕು ಯಾರದು? ಮೋಸಹೋದವನು ಬಾಗಲಕೋಟೆ ಜಿಲ್ಲೆಯಲ್ಲಿ ಯಾವ ಬಾಗಿಲು ತಟ್ಟಬೇಕು? ಹಾಗೆಯೇ, ತಿಂಗಳಲ್ಲಿ ದುಡ್ಡು ಎರಡರಷ್ಟಾಗುತ್ತದೆ ಎಂದು ನಿಮ್ಮ ಮೊಬೈಲಿಗೆ ಸಂದೇಶ ಬಂದರೆ, ಅಪ್ಪನ ಕಬ್ಬಿನ ಬಿಲ್ಲನ್ನೋ ಅವ್ವ ಮಗ್ಗದಲ್ಲಿ ದುಡಿದ ಹಣವನ್ನೋ ಅದಕ್ಕೆ ಸುರಿಯುವ ಮುನ್ನ ಇವೇ ಪ್ರಶ್ನೆಗಳನ್ನು ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಹಣ ಕಿಸೆಯಲ್ಲೇ ಇರಲಿ.

ಜಮಖಂಡಿಯ ಆ ಹುಡುಗ ಈ ಪುಟವನ್ನು ಓದುತ್ತಿದ್ದರೆ ಅವನಿಗೆ ನನ್ನ ಉತ್ತರ ಇಷ್ಟು: ತಮ್ಮಾ, ಅವರಿಗೆ ಇನ್ನೂ ಪೂರ್ತಿ ತಿಳಿದಿಲ್ಲ. ನೀನು ಕೇಳುವುದನ್ನು ಬಿಡಬೇಡ.