ಪುಸ್ತಕದ ಬಗ್ಗೆ ಆಡುವ ಮಾತೂ ಒಂದು ಸಾಕ್ಷ್ಯ

(ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿಯೂ ಅಲ್ಲಾಹನಿಗೆ ಮೀಸಲು. ಅವನ ಅಂತಿಮ ಪ್ರವಾದಿ ಮುಹಮ್ಮದ್ (ಸ)ರ ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಅಲ್ಲಾಹನ ಕರುಣೆ ಮತ್ತು ಶಾಂತಿ ಇರಲಿ.



ಹಿರಾ ಗುಹೆಯಲ್ಲಿ ಪ್ರವಾದಿ (ಸ)ರಿಗೆ ಬಂದ ಮೊದಲ ಆಜ್ಞೆ ‘ಇಕ್ರಅ್’, ಓದು ಎಂಬುದು. ಈ ಮಾತನ್ನು ಮಿಂಬರಿನ ಮೇಲಿಂದ ನಾವು ಎಷ್ಟೋ ಸಲ ಹೇಳಿದ್ದೇವೆ, ನೀವೂ ಕೇಳಿದ್ದೀರಿ. ಈ ವಾರ ಅದರ ಮುಂದಿನ ಮಾತು ಆಡಬೇಕಾಗಿದೆ. ಓದಿದ ಪುಸ್ತಕದ ಬಗ್ಗೆ, ಓದದ ಪುಸ್ತಕದ ಬಗ್ಗೆ ನಾವು ಕೊಡುವ ಅಭಿಪ್ರಾಯ ಎಂಥದ್ದು? ಮೊದಲು ನಮ್ಮದೇ ತಪ್ಪನ್ನು ಒಪ್ಪಿಕೊಂಡು ಮುಂದುವರಿಯುತ್ತೇವೆ.

ಕೆಲವು ತಿಂಗಳ ಹಿಂದೆ ಒಂದು ವಲೀಮಾದ ಮನೆಯಲ್ಲಿ ಊಟ ಮುಗಿಸಿ ಕುಳಿತಿದ್ದೆವು. ಬಾನು ಮುಷ್ತಾಕ್ ಅವರ ಕಥೆಗಳಿಗೆ ಬಂದ ಪ್ರಶಸ್ತಿಯ ಮಾತು ಬಂತು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಅವರ 12 ಕಥೆಗಳ ಪುಸ್ತಕಕ್ಕೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಸಿಕ್ಕಿದ್ದು ನಿಮಗೆಲ್ಲ ಗೊತ್ತು. ಕನ್ನಡದ ಕೃತಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಒಬ್ಬರು, ‘ಹಜ್ರತ್, ಆ ಪುಸ್ತಕ ಹೇಗಿದೆ?’ ಎಂದು ಕೇಳಿದರು. ನಾವು ಯೋಚಿಸದೆ, ‘ಅಂಥದ್ದನ್ನು ಮನೆಯಲ್ಲಿ ಇಡದಿದ್ದರೇ ಒಳ್ಳೆಯದು’ ಎಂದುಬಿಟ್ಟೆವು. ಹಿರಿಯರು ತಲೆಯಾಡಿಸಿದರು. ಆಗ ಒಳಬಾಗಿಲ ಬಳಿ ನಿಂತಿದ್ದ, ಡಿಗ್ರಿ ಓದುವ ಆ ಮನೆಯ ಹುಡುಗಿ ಮೆಲ್ಲಗೆ ಕೇಳಿದಳು: ‘ಹಜ್ರತ್, ತಾವು ಅದನ್ನು ಓದಿದ್ದೀರಾ?’

ಹಿರಿಯರು ಅವಳನ್ನು ಗದರಿದರು. ಆದರೆ ನಮ್ಮ ಬಳಿ ಉತ್ತರವಿರಲಿಲ್ಲ. ನಾವು ಒಂದು ಪುಟವನ್ನೂ ಓದಿರಲಿಲ್ಲ. ಯಾರೋ ಹೇಳಿದ್ದನ್ನು ಕೇಳಿದ್ದೆವು, ಅಷ್ಟೇ. ಮರುದಿನ ಅಸರ್ ನಮಾಝಿನ ನಂತರ ಅವಳ ತಮ್ಮ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಪುಸ್ತಕವೊಂದನ್ನು ತಂದುಕೊಟ್ಟ. ಬಾನು ಅವರ ಕನ್ನಡ ಕಥೆಗಳು.

ಸಹೋದರರೇ, ಸುದ್ದಿ ಬಂದಾಗ ಅದನ್ನು ಪರಿಶೀಲಿಸಬೇಕು, ಇಲ್ಲವಾದರೆ ಅರಿಯದೆ ಯಾರಿಗೋ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಕಾದೀತು ಎಂದು ಸೂರಃ ಹುಜುರಾತ್ ನಮ್ಮನ್ನು ಎಚ್ಚರಿಸುತ್ತದೆ. ತಿಳಿವಳಿಕೆ ಇಲ್ಲದ ವಿಷಯದ ಹಿಂದೆ ಹೋಗಬಾರದು, ಕಿವಿ, ಕಣ್ಣು, ಹೃದಯ ಎಲ್ಲವೂ ಉತ್ತರ ಕೊಡಬೇಕಾಗುತ್ತದೆ ಎಂದು ಸೂರಃ ಬನೀ ಇಸ್ರಾಈಲ್ ಕಲಿಸುತ್ತದೆ. ಮದ್ರಸದಲ್ಲಿ ಇದನ್ನು ಓದಿ, ಮಕ್ಕಳಿಗೆ ಓದಿಸಿ, ವಲೀಮಾದ ಮನೆಯಲ್ಲಿ ಮರೆತೆವು.

ನಮ್ಮ ಹದೀಸ್ ವಿದ್ವಾಂಸರನ್ನು ನೋಡಿ. ಒಬ್ಬ ವರದಿಗಾರ ನಂಬಲರ್ಹನೇ ಅಲ್ಲವೇ ಎಂದು ಹೇಳುವ ಮುನ್ನ ಅವನ ಊರು, ಗುರುಗಳು, ನೆನಪಿನ ಶಕ್ತಿ, ನಡವಳಿಕೆ ಎಲ್ಲವನ್ನೂ ವಿಚಾರಿಸಿದರು. ಅದಕ್ಕಾಗಿ ‘ಜರ್ಹ್ ಮತ್ತು ತಅ್‌ದೀಲ್’ ಎಂಬ ಒಂದು ಶಾಸ್ತ್ರವನ್ನೇ ಕಟ್ಟಿದರು. ಇಮಾಮ್ ಬುಖಾರಿಯವರು ಇದರಲ್ಲಿ ಎಷ್ಟು ಎಚ್ಚರ ವಹಿಸಿದರೆಂದರೆ, ತಾವು ಒಪ್ಪದ ವರದಿಗಾರನ ಬಗ್ಗೆಯೂ ಹಲವು ಕಡೆ ‘ವಿದ್ವಾಂಸರು ಇವನ ವಿಷಯದಲ್ಲಿ ಮೌನ ತಾಳಿದ್ದಾರೆ’ ಎಂಬಷ್ಟಕ್ಕೇ ನಿಲ್ಲಿಸಿದರು. ಅಭಿಪ್ರಾಯ ಎಂದರೆ ಅವರಿಗೆ ಸಾಕ್ಷ್ಯವಾಗಿತ್ತು. ನಮಗೆ ಅದು ಊಟದ ನಂತರದ ಎಲೆಅಡಿಕೆಯಾಗಿದೆ.

ಹಾಗಾದರೆ ಆ ಪುಸ್ತಕದಲ್ಲಿ ನಾವು ಓದಿದ್ದೇನು?

‘ಕರಿ ನಾಗರಗಳು’ ಎಂಬ ಕಥೆಯಿದೆ. 2004ರಲ್ಲಿ ಗಿರೀಶ್ ಕಾಸರವಳ್ಳಿಯವರು ‘ಹಸೀನಾ’ ಚಿತ್ರ ಮಾಡಿದ್ದು ಇದೇ ಕಥೆಯಿಂದ. ಆಶ್ರಫ್ ಎಂಬ ಬಡ ಹೆಂಗಸು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟಿದ್ದಾನೆ. ಒಂದು ಮಗುವಿಗೆ ಕಾಯಿಲೆ. ಆಕೆ ಮುತವಲ್ಲಿಯ ಬಳಿ ನ್ಯಾಯ ಕೇಳುತ್ತಾಳೆ, ಸಿಗುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಬಂದು ಮಸೀದಿಯ ಮುಂದೆ ಕುಳಿತುಬಿಡುತ್ತಾಳೆ. ಆ ಮಗು ಉಳಿಯುವುದಿಲ್ಲ. ಬೀದಿಯ ಹೆಂಗಸರು ಮುತವಲ್ಲಿಗೆ ಹಿಡಿಶಾಪ ಹಾಕುತ್ತಾರೆ.

‘ಎದೆಯ ಹಣತೆ’ ಎಂಬ ಇನ್ನೊಂದು ಕಥೆಯಲ್ಲಿ ಗಂಡನಿಂದ ನೊಂದ ಮೆಹರುನ್ ತವರಿಗೆ ಬರುತ್ತಾಳೆ. ತವರಿನವರು ಮಾನದ ಮಾತಾಡಿ ಅವಳನ್ನು ವಾಪಸ್ ಬಿಟ್ಟುಬರುತ್ತಾರೆ. ಅವಳು ಮೈಮೇಲೆ ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ತಡೆದು ಉಳಿಸುವವಳು ಅವಳ ಮಗಳು. ಆತ್ಮಹತ್ಯೆ ಹರಾಮ್ ಎಂದು ನಾವು ಇಲ್ಲಿಂದ ಹೇಳುತ್ತೇವೆ, ಹೇಳಲೇಬೇಕು. ಆದರೆ ಅವಳನ್ನು ಅಲ್ಲಿಯವರೆಗೆ ತಳ್ಳಿದವರು ಯಾರು ಎಂಬ ಪ್ರಶ್ನೆ ನಮ್ಮ ಪ್ರವಚನಗಳಲ್ಲಿ ಬಂದದ್ದು ಕಡಿಮೆ.

ಇವನ್ನು ಓದುವಾಗ ನಮಗೆ ನೆನಪಾದದ್ದು ಖೌಲಾ ಬಿನ್ತ್ ಸಅ್‌ಲಬಾ (ರ). ಗಂಡ ಕೋಪದಲ್ಲಿ ‘ನೀನು ನನಗೆ ತಾಯಿಯ ಸಮಾನ’ ಎಂಬರ್ಥದ ಮಾತಾಡಿ ಅವರನ್ನು ನಡುನೀರಿನಲ್ಲಿ ಬಿಟ್ಟಿದ್ದರು. ಅವರು ಪ್ರವಾದಿ (ಸ)ರ ಬಳಿ ಬಂದು ವಾದಿಸಿದರು, ಅಲ್ಲಾಹನಲ್ಲಿ ಮೊರೆಯಿಟ್ಟರು. ಅಲ್ಲಾಹನು ಆ ಮೊರೆಯನ್ನು ಕೇಳಿದ. ಸೂರಃ ಮುಜಾದಲಃದ ಆರಂಭದ ವಚನಗಳು ಅವರ ವಿಷಯದಲ್ಲೇ ಇಳಿದವು. ಮುಂದೆ ಖಲೀಫ ಉಮರ್ (ರ) ದಾರಿಯಲ್ಲಿ ನಿಂತು ಈ ವೃದ್ಧೆಯ ಮಾತನ್ನು ತಾಳ್ಮೆಯಿಂದ ಕೇಳಿದರೆಂದೂ, ಜೊತೆಯವರು ಆಕ್ಷೇಪಿಸಿದಾಗ, ಏಳು ಆಕಾಶಗಳ ಮೇಲಿಂದ ಅಲ್ಲಾಹನು ಕೇಳಿದ ದೂರನ್ನು ಉಮರ್ ಕೇಳದಿರಲು ಹೇಗೆ ಸಾಧ್ಯ ಎಂಬರ್ಥದಲ್ಲಿ ಉತ್ತರಿಸಿದರೆಂದೂ ತಫ್ಸೀರ್ ಗ್ರಂಥಗಳಲ್ಲಿ ವರದಿಯಿದೆ.

ಅಲ್ಲಾಹನ ದರ್ಬಾರಿನಲ್ಲಿ ಕೇಳಿಸಿದ ದನಿ ನಮ್ಮ ಮಸೀದಿಯ ಅಂಗಳದಲ್ಲಿ ಕೇಳಿಸದಿದ್ದರೆ ತಪ್ಪು ಕಥೆ ಬರೆದವರದ್ದೋ, ನಮ್ಮದೋ?

ಸಹೋದರರೇ, ಈ ಪ್ರಶ್ನೆ ನಮ್ಮನ್ನು ನಿದ್ದೆ ಮಾಡಗೊಡಲಿಲ್ಲ. ಏಕೆಂದರೆ ಕಳೆದ ವರ್ಷ ನಮ್ಮ ಬಳಿಯೂ ಒಬ್ಬ ತಾಯಿ ಬಂದಿದ್ದರು. ಗಂಡ ಬೇರೆ ಊರಿನಲ್ಲಿದ್ದಾನೆ, ಇಬ್ಬರು ಮಕ್ಕಳ ಖರ್ಚಿಗೆ ಏನೂ ಕಳಿಸುತ್ತಿಲ್ಲ, ‘ನನಗೊಂದು ಫೈಸಲಾ ಕೊಡಿಸಿ’ ಎಂದು ಕೇಳಿದ್ದರು. ‘ಕಮಿಟಿಗೆ ಹೇಳುತ್ತೇವೆ’ ಎಂದು ಕಳಿಸಿದೆವು. ಒಮ್ಮೆ ಹೇಳಿದೆವು ಕೂಡ. ಆಮೇಲೆ ರಂಜಾನ್ ಬಂತು, ಚಂದಾ ಬಂತು, ಮಿನಾರದ ಬಣ್ಣದ ಕೆಲಸ ಬಂತು. ಆಕೆಯ ಅರ್ಜಿ ಕಪಾಟಿನಲ್ಲೇ ಉಳಿಯಿತು.

ಪುಸ್ತಕ ಮುಚ್ಚಿದ ಮರುದಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಆಕೆಯ ಮನೆಗೆ ಹೋದೆವು. ಚಾಪೆ ಹಾಸಿದರು, ಚಹಾ ಕೊಟ್ಟರು. ‘ಈಗ ನೆನಪಾಯಿತಾ ಹಜ್ರತ್?’ ಎಂದಷ್ಟೇ ಕೇಳಿದರು. ನಾವು ಮಾಫಿ ಕೇಳಿದೆವು. ಅಲ್ಲಾಹನ ದಯೆಯಿಂದ ಗಂಡನ ಕಡೆಯವರನ್ನು ಕರೆಸಲಾಗಿದೆ, ಎರಡು ತಿಂಗಳಿಂದ ಮಕ್ಕಳ ಖರ್ಚಿನ ಹಣ ಬರುತ್ತಿದೆ. ಪೂರ್ತಿ ಫೈಸಲಾ ಇನ್ನೂ ಬಾಕಿಯಿದೆ. ಅದು ಆಗುವ ತನಕ ಈ ಮಿಂಬರಿನಿಂದ ನೆನಪಿಸುತ್ತಲೇ ಇರುತ್ತೇವೆ.

ಆ ಪುಸ್ತಕದ ಎಲ್ಲ ಮಾತೂ ನಮಗೆ ಒಪ್ಪಿಗೆಯಾಯಿತೇ? ಇಲ್ಲ. ಕೆಲವು ಕಡೆ ಮನಸ್ಸಿಗೆ ಕಟುವೆನಿಸಿತು. ಜನರ ರೂಢಿಯನ್ನೇ ದೀನ್ ಎಂದು ತಿಳಿಯುವ ಓದುಗರು ಇದ್ದಾರಲ್ಲ ಎಂಬ ಆತಂಕವೂ ಆಯಿತು. ಒಂದು ಕಥೆಯನ್ನು ಹಿಡಿದು ಮುಸಲ್ಮಾನರೆಲ್ಲ ಹೀಗೆಯೇ ಎನ್ನುವವರು ಕಥೆಗೂ ನಮಗೂ ಅನ್ಯಾಯ ಮಾಡುತ್ತಾರೆ. ಆದರೆ ಆ ಭಯಕ್ಕೆ ಪುಸ್ತಕ ಮುಚ್ಚಿಡುವುದು ಮದ್ದಲ್ಲ. ಹೆಣ್ಣುಮಗು ಹುಟ್ಟಿತೆಂದು ಮುಖ ಕಪ್ಪಿಡುವವರನ್ನು ಕುರ್‌ಆನ್ ಖಂಡಿಸಿದೆ. ಹೆಣ್ಣುಮಕ್ಕಳನ್ನು ಚೆನ್ನಾಗಿ ಸಾಕಿದವನಿಗೆ ಅವರೇ ನರಕಾಗ್ನಿಯಿಂದ ರಕ್ಷೆಯಾಗುವರೆಂದು ಪ್ರವಾದಿ (ಸ) ಕಲಿಸಿದ್ದಾರೆ. ನಮ್ಮ ಮೊಹಲ್ಲಾದಲ್ಲಿ ಇದನ್ನು ನಡೆದು ತೋರಿಸಿದರೆ ಅದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಆದ್ದರಿಂದ ನಾಲ್ಕು ಮಾತು ನೆನಪಿಟ್ಟುಕೊಳ್ಳೋಣ. ಪೂರ್ತಿ ಓದದ ಪುಸ್ತಕದ ಬಗ್ಗೆ ಕೇಳಿದರೆ ‘ಓದಿಲ್ಲ’ ಎನ್ನಲು ನಾಚಬಾರದು. ಓದಿದ್ದರೆ ಮೊದಲು ಅದರ ಒಳ್ಳೆಯದನ್ನು ಹೇಳಬೇಕು, ಆಮೇಲೆ ಒಪ್ಪದ್ದನ್ನು ಕಾರಣ ಸಮೇತ ಹೇಳಬೇಕು. ಬರೆದವರ ಈಮಾನಿನ ಲೆಕ್ಕ ಅಲ್ಲಾಹನಿಗೆ ಬಿಡಬೇಕು. ಕೊನೆಯದಾಗಿ, ಬರೆದವರನ್ನು ಅಳೆಯುವ ಮುನ್ನ ಆ ಪುಸ್ತಕ ನಮ್ಮನ್ನು ಅಳೆಯಲು ಬಿಡಬೇಕು.

ಇನ್ನು ಮುಂದೆ ಪ್ರತಿ ಗುರುವಾರ ಇಶಾ ನಂತರ ಅರ್ಧ ಗಂಟೆ, ತಾವು ಓದಿದ ಒಂದು ಪುಸ್ತಕದ ಬಗ್ಗೆ ಯಾರಾದರೂ ಒಬ್ಬರು ಮದ್ರಸದ ಕೋಣೆಯಲ್ಲಿ ಮಾತಾಡಲಿ. ಹೆಂಗಸರಿಗೆ ಪಕ್ಕದ ಹಾಲಿನಲ್ಲಿ ವ್ಯವಸ್ಥೆಯಿದೆ, ಅವರೂ ಪ್ರಶ್ನೆ ಕೇಳಬಹುದು. ಅಂದು ಒಳಬಾಗಿಲ ಬಳಿ ನಿಂತು ಕೇಳಿದ ಆ ಮಗಳಿಗೆ ಪುಸ್ತಕ ಹಿಂತಿರುಗಿಸುವಾಗ ಜಝಾಕಿಲ್ಲಾಹ್ ಹೇಳಿ ಕಳಿಸಿದ್ದೇವೆ. ಮನೆಯಲ್ಲಿ ಮಕ್ಕಳು ಹಾಗೆ ಕೇಳಿದಾಗ ಗದರಬೇಡಿ. ಉತ್ತರವಿಲ್ಲದಿದ್ದರೆ ಇಲ್ಲ ಎನ್ನಿ.

ಯಾ ಅಲ್ಲಾಹ್, ಅರಿಯದೆ ಆಡಿದ ನಮ್ಮ ಮಾತುಗಳನ್ನು ಕ್ಷಮಿಸು. ನ್ಯಾಯ ಕೇಳಿ ನಮ್ಮ ಬಾಗಿಲಿಗೆ ಬಂದವರ ದನಿ ಕೇಳುವ ಕಿವಿ ಕೊಡು. ನಮ್ಮ ಜ್ಞಾನವನ್ನು ಹೆಚ್ಚಿಸು, ಅದರಂತೆ ನಡೆಯುವ ತೌಫೀಕ್ ನೀಡು. ಆಮೀನ್.