ಕಂತು ಮುಗಿದ ಮೇಲೂ ಉಳಿಯುವ ಕತೆ



ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಟಿ.ವಿ. ಮುಂದೆ ಕುಳಿತು, ಏನು ನೋಡುವುದೆಂದು ಅರ್ಧ ಗಂಟೆ ಹುಡುಕಿ, ಕೊನೆಗೆ ಏನನ್ನೂ ನೋಡದೆ ಮಲಗುವುದು ಇಂದು ಅನೇಕ ಮನೆಗಳ ಅನುಭವ. 1984ರಲ್ಲಿ ಈ ಕಷ್ಟವಿರಲಿಲ್ಲ. ಇದ್ದದ್ದು ದೂರದರ್ಶನವೊಂದೇ, ಅದು ತೋರಿಸಿದ್ದನ್ನು ಜನ ನೋಡುತ್ತಿದ್ದರು. ಇಂದು ಹಳೆಯವು, ಹೊಸವು ಎಲ್ಲವೂ ಒಂದೇ ಪರದೆಯ ಮೇಲೆ ಕೈಗೆಟಕುವಂತಿವೆ. ಆರಿಸುವ ಹೊಣೆ ನೋಡುಗನ ಮೇಲೆ ಬಿದ್ದಿದೆ. ಒಂದು ಧಾರಾವಾಹಿಗೆ ಹತ್ತಾರು ಗಂಟೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಲ ಬೇಕು. ಅಷ್ಟು ಹೊತ್ತನ್ನು ಯಾವುದಕ್ಕೆ ಕೊಡಬೇಕೆಂಬುದು ಸಣ್ಣ ಪ್ರಶ್ನೆಯಲ್ಲ.

ಇದಕ್ಕೆ ಉತ್ತರ ಹುಡುಕಲು ಮೊದಲಿನಿಂದಲೇ ಬರುವುದು ಒಳ್ಳೆಯದು. 1984ರ ಜುಲೈ 7ರಂದು 'ಹಮ್ ಲೋಗ್' ಆರಂಭವಾಯಿತು. ಮೆಕ್ಸಿಕೋ ದೇಶದಲ್ಲಿ ಕತೆಯ ಮೂಲಕ ಜನರಿಗೆ ತಿಳಿವಳಿಕೆ ನೀಡುವ ಧಾರಾವಾಹಿಗಳು ಯಶಸ್ವಿಯಾಗಿದ್ದವು. ಅದೇ ಮಾದರಿಯಲ್ಲಿ ಕುಟುಂಬ ಯೋಜನೆಯ ಸಂದೇಶ ಸಾರುವುದು ಇಲ್ಲಿನ ಮೂಲ ಉದ್ದೇಶವಾಗಿತ್ತು. ಆದರೆ ಆರಂಭದ ಕಂತುಗಳ ಉಪದೇಶ ಜನರಿಗೆ ರುಚಿಸಲಿಲ್ಲ. ಉಪದೇಶ ತಗ್ಗಿ ಸಂಸಾರದ ಕತೆ ಮುಂದೆ ಬಂದಾಗ ಮಾತ್ರ ಅದು ಮನೆಮಾತಾಯಿತು. ಬರೆದವರು ಹಿಂದಿಯ ಕಾದಂಬರಿಕಾರ ಮನೋಹರ ಶ್ಯಾಮ ಜೋಶಿ. ದೇಶವಿಭಜನೆಯಲ್ಲಿ ನೆಲೆ ಕಳೆದುಕೊಂಡ ಕುಟುಂಬದ ಕತೆಯಾದ 'ಬುನಿಯಾದ್' ಧಾರಾವಾಹಿಯನ್ನು ಬರೆದವರೂ ಅವರೇ. ಇದರಿಂದ ಮೊದಲ ಪಾಠವೊಂದು ಸಿಗುತ್ತದೆ: ಧಾರಾವಾಹಿಯನ್ನು ಆರಿಸುವಾಗ ನಟರ ಹೆಸರಿಗಿಂತ ಮೊದಲು ಬರೆದವರ ಹೆಸರನ್ನು ನೋಡಬೇಕು. ಸಿನಿಮಾ ಎರಡೂವರೆ ಗಂಟೆಯ ಮಾತು. ಅದನ್ನು ತಾರೆಯೊಬ್ಬ ಹೊತ್ತೊಯ್ಯಬಲ್ಲ. ಐವತ್ತು ಕಂತುಗಳನ್ನು ಹೊರುವುದು ಬರವಣಿಗೆ ಮಾತ್ರ.

ಆ ದಿನಗಳಲ್ಲಿ ದೂರದರ್ಶನ ಸಾಮಾನ್ಯವಾಗಿ ವಾರಕ್ಕೊಂದರಂತೆ 13 ಕಂತುಗಳಿಗೆ ಒಪ್ಪಿಗೆ ಕೊಡುತ್ತಿತ್ತು. ಹದಿಮೂರು ವಾರವೆಂದರೆ ವರ್ಷದ ಕಾಲು ಭಾಗ. ಕಚೇರಿಯ ಅನುಕೂಲಕ್ಕೆ ಹುಟ್ಟಿದ ಈ ಲೆಕ್ಕ ಕತೆಗೂ ಉಪಕಾರ ಮಾಡಿತು. ಎಲ್ಲಿ ನಿಲ್ಲಬೇಕೆಂಬುದು ಮೊದಲೇ ಗೊತ್ತಿದ್ದರಿಂದ ನಿರ್ದೇಶಕ ಅದಕ್ಕೆ ತಕ್ಕಂತೆ ಹೆಜ್ಜೆ ಹಾಕುತ್ತಿದ್ದ.

ಕನ್ನಡಿಗರಿಗೆ ಇದರ ಅತ್ಯುತ್ತಮ ನಿದರ್ಶನ ಶಂಕರ್ ನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್'. ಆರ್.ಕೆ. ನಾರಾಯಣರ ಕಲ್ಪನೆಯ ಊರಿಗೆ ಆಗುಂಬೆ ಬೀದಿ, ಜಗಲಿ, ಮಳೆ ಕೊಟ್ಟಿತು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಮಿಠಾಯಿ ಅಂಗಡಿಯ ಜಗನ್ ಆಗಿ ಅನಂತ್ ನಾಗ್. ಆರ್.ಕೆ. ಲಕ್ಷ್ಮಣರ ರೇಖಾಚಿತ್ರಗಳು, ಎಲ್. ವೈದ್ಯನಾಥನ್ ಅವರ ಸಂಗೀತ. ಪಾತ್ರಗಳು ಹಿಂದಿಯಲ್ಲಿ ಮಾತಾಡಿದರೂ ಕಣ್ಣಿಗೆ ಕಾಣುವುದು ಅಪ್ಪಟ ಮಲೆನಾಡು. ಅಲ್ಲಿ ಖಳನಾಯಕರಿಲ್ಲ, ಅಬ್ಬರವಿಲ್ಲ. ಶಾಲೆಗೆ ಹೋಗಲು ಹೆದರುವ ಹುಡುಗನ ಎದೆಬಡಿತ ಒಂದು ಕಂತಿಗೆ ಸಾಕಾಗುತ್ತದೆ. ಸಂಬಳಕ್ಕೆ ಕಟ್ಟುಬಿದ್ದು ಮಗಳನ್ನು ಸಿನಿಮಾಕ್ಕೆ ಕರೆದೊಯ್ಯಲಾಗದ ಗುಮಾಸ್ತನ ಸಂಕಟ ಇನ್ನೊಂದಕ್ಕೆ ಸಾಕು. ಆ ಗುಮಾಸ್ತನ ಪಾತ್ರದಲ್ಲಿ ವಿಷ್ಣುವರ್ಧನ್ ಅವರನ್ನು ಕಂಡವರು ಮರೆಯುವುದು ಕಷ್ಟ.

ಧೈರ್ಯದ ಮಾತು ಬಂದರೆ 'ತಮಸ್' ನೆನಪಾಗುತ್ತದೆ. ಭೀಷ್ಮ ಸಾಹನಿಯವರ ಕಾದಂಬರಿಯನ್ನು ಗೋವಿಂದ ನಿಹಲಾನಿ ತೆರೆಗೆ ತಂದರು. 1988ರಲ್ಲಿ ಅದರ ಪ್ರಸಾರ ನಡೆದಿದ್ದಾಗಲೇ ತಡೆ ಕೋರಿ ಕೆಲವರು ನ್ಯಾಯಾಲಯಕ್ಕೆ ಹೋದರು. ಬೊಂಬಾಯಿ ಹೈಕೋರ್ಟಿನ ನ್ಯಾಯಮೂರ್ತಿಗಳು ಧಾರಾವಾಹಿಯನ್ನು ಪೂರ್ತಿ ನೋಡಿಯೇ ತೀರ್ಪು ಕೊಟ್ಟರು. ಸುಪ್ರೀಂ ಕೋರ್ಟ್ ಕೂಡ ತಡೆ ನೀಡಲು ಒಪ್ಪಲಿಲ್ಲ. ಕೋಮುಗಲಭೆಯನ್ನು ತೋರಿಸುವುದು ಬೇರೆ, ಅದನ್ನು ಪ್ರಚೋದಿಸುವುದು ಬೇರೆ ಎಂಬ ವಿವೇಕ ಅಲ್ಲಿ ಗೆದ್ದಿತು. ಅದೇ ವರ್ಷ ಆರಂಭವಾದ ಶ್ಯಾಮ ಬೆನಗಲ್ ಅವರ 'ಭಾರತ್ ಏಕ್ ಖೋಜ್', ನೆಹರೂ ಅವರ ಗ್ರಂಥವನ್ನು ಆಧರಿಸಿ 53 ಕಂತುಗಳಲ್ಲಿ ದೇಶದ ಚರಿತ್ರೆಯನ್ನು ಹೇಳಿತು.

ಮುಂದೆ ಖಾಸಗಿ ವಾಹಿನಿಗಳು ಬಂದವು. ವಾರದ ಧಾರಾವಾಹಿ ದಿನದ ಧಾರಾವಾಹಿಯಾಯಿತು. ಎಷ್ಟು ಜನ ನೋಡಿದರು ಎಂಬ ಅಂಕಿಗಳು ವಾರಕ್ಕೊಮ್ಮೆ ಬರತೊಡಗಿದವು. ಅಂಕಿ ಚೆನ್ನಾಗಿರುವಷ್ಟು ಕಾಲ ಕತೆ ಮುಗಿಯುವಂತಿಲ್ಲ. ಮುಗಿಯಬಾರದ ಕತೆಗೆ ಅಪಘಾತ, ಮರೆವು, ಮರುಮದುವೆ, ಅತ್ತೆಯ ಒಳಸಂಚು ಎಲ್ಲವೂ ಬೇಕಾಗುತ್ತವೆ. ಕೆಲವರು ಹೇಳುವಂತೆ ಇದು ಜನರ ಅಭಿರುಚಿ ಕೆಟ್ಟ ಕತೆಯಲ್ಲ. ವ್ಯಾಪಾರದ ಲೆಕ್ಕ ಕತೆಯ ಆಕಾರವನ್ನು ಬದಲಿಸಿದ ಬಗೆ.

ಹಾಗೆಂದು ದಿನದ ಧಾರಾವಾಹಿಗಳೆಲ್ಲ ಜೊಳ್ಳು ಎನ್ನುವಂತಿಲ್ಲ. 1998ರಲ್ಲಿ ಬೆಂಗಳೂರು ದೂರದರ್ಶನದಲ್ಲಿ ಬಂದ 'ಮಾಯಾಮೃಗ' ಈ ಮಾತಿಗೆ ಸಾಕ್ಷಿ. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಸೇರಿ ರೂಪಿಸಿದ ಇದು ಕನ್ನಡ ಮಧ್ಯಮವರ್ಗದ ಆಸೆ, ಅಂಜಿಕೆ, ಮಾತಿನ ವರಸೆಗಳನ್ನು ಸಹಜವಾಗಿ ಹಿಡಿಯಿತು. ಅದು ಪ್ರಸಾರವಾಗುತ್ತಿದ್ದುದು ಸಂಜೆ. ಮನೆಗೆಲಸದ ವೇಳಾಪಟ್ಟಿಯನ್ನೇ ಅದಕ್ಕೆ ಹೊಂದಿಸಿಕೊಂಡವರಿದ್ದರು. ಎಸ್.ಎಲ್. ಭೈರಪ್ಪನವರ 'ಗೃಹಭಂಗ' ಗಿರೀಶ ಕಾಸರವಳ್ಳಿಯವರ ನಿರ್ದೇಶನದಲ್ಲಿ ಧಾರಾವಾಹಿಯಾದಾಗಲೂ ಒಳ್ಳೆಯ ಕಾದಂಬರಿಯ ಬೆಂಬಲವಿದ್ದರೆ ಕಿರುತೆರೆ ಎಷ್ಟು ಆಳಕ್ಕೆ ಇಳಿಯಬಲ್ಲುದೆಂಬುದು ಕಂಡಿತು.

ಹೊಸ ಕಾಲದ ಅಂತರಜಾಲ ಸರಣಿಗಳಲ್ಲಿ ಎಂಟು ಹತ್ತು ಕಂತುಗಳ ಮಿತಿ ಮರಳಿ ಬಂದಿದೆ. 2020ರಲ್ಲಿ ಬಂದ 'ಪಂಚಾಯತ್' ಉತ್ತರಪ್ರದೇಶದ ಹಳ್ಳಿಯೊಂದಕ್ಕೆ ಒಲ್ಲದ ಮನಸ್ಸಿನಿಂದ ಬರುವ ಪಂಚಾಯಿತಿ ಕಾರ್ಯದರ್ಶಿಯ ಕತೆ. ಮಾಲ್ಗುಡಿ ಮೆಚ್ಚಿದವರಿಗೆ ಅದು ಅಪರಿಚಿತವೆನಿಸದು. ಅದೇ ವರ್ಷದ, ಹನ್ಸಲ್ ಮೆಹ್ತಾ ಅವರ 'ಸ್ಕ್ಯಾಮ್ 1992' ಷೇರುಪೇಟೆಯ ಹಗರಣವನ್ನು ಪತ್ರಕರ್ತರ ಪುಸ್ತಕವೊಂದನ್ನು ಆಧರಿಸಿ 10 ಕಂತುಗಳಲ್ಲಿ ಬಿಡಿಸಿಟ್ಟಿತು. ಕನ್ನಡದಲ್ಲಿ ಕರಾವಳಿಯ ಬದುಕಿನ ಬಿಡಿ ಕತೆಗಳನ್ನು ಪೋಣಿಸಿದ 'ಏಕಂ' ಇದೆ. ದೊಡ್ಡ ವೇದಿಕೆಗಳಾವುವೂ ಕೈಗೆತ್ತಿಕೊಳ್ಳದೆ, 2024ರ ಜುಲೈಯಲ್ಲಿ ತಯಾರಕರು ತಮ್ಮದೇ ಅಂತರಜಾಲ ತಾಣದಲ್ಲಿ ಅದನ್ನು ಬಿಡುಗಡೆ ಮಾಡಬೇಕಾಯಿತು. ಕನ್ನಡದ ನೋಡುಗ ಹುಡುಕಿಕೊಂಡು ಹೋಗದಿದ್ದರೆ ಇಂಥವು ಹುಟ್ಟುವುದೇ ನಿಂತುಹೋಗಬಹುದು. ಆರಿಸುವ ಕೆಲಸ ಬರೀ ಕಾಲಹರಣವಲ್ಲ ಎನ್ನುವುದು ಇದಕ್ಕಾಗಿ.

ಹಾಗಾದರೆ ಹುಡುಕುವುದು ಹೇಗೆ? ಬರೆದವರ ಹೆಸರು ಮೊದಲ ಗುರುತು. ಮೆಚ್ಚಿದ ಧಾರಾವಾಹಿಯ ಲೇಖಕರು ಮತ್ತೇನು ಬರೆದಿದ್ದಾರೆಂದು ನೋಡಿದರೆ ಒಂದರಿಂದ ಇನ್ನೊಂದಕ್ಕೆ ದಾರಿ ತೆರೆಯುತ್ತದೆ. ಕತೆಗೆ ಕೊನೆಯಿದೆಯೇ ಎಂಬುದು ಎರಡನೆಯದು. ಮೂರನೆಯದು ಭಾಷೆ: ಪಾತ್ರಗಳು ತಮ್ಮ ಊರಿನವರಂತೆ ಮಾತಾಡುತ್ತವೆಯೇ, ಅಥವಾ ಎಲ್ಲರ ಬಾಯಲ್ಲೂ ಒಂದೇ ಮಾತೇ? ಮೊದಲ ಕಂತನ್ನು ನೋಡಿ ತೀರ್ಮಾನಿಸಬಾರದು. ಅದು ಅಂಗಡಿಯ ಮುಂದೆ ಜೋಡಿಸಿಟ್ಟ ಹಣ್ಣು. ಮೂರನೆಯ ಕಂತಿನಲ್ಲಿ ಬುಟ್ಟಿಯ ತಳ ಕಾಣುತ್ತದೆ.

ಹಳೆಯವು ಸಿಗುವ ತಾಣಗಳೂ ಹೆಚ್ಚಿವೆ. ಪ್ರಸಾರ ಭಾರತಿ ತನ್ನ ಭಂಡಾರದ ಅನೇಕ ಕಾರ್ಯಕ್ರಮಗಳನ್ನು ಯೂಟ್ಯೂಬಿನಲ್ಲಿ ಇಟ್ಟಿದೆ. 2024ರ ನವೆಂಬರಿನಲ್ಲಿ 'ವೇವ್ಸ್' ಎಂಬ ತನ್ನದೇ ವೇದಿಕೆಯನ್ನೂ ಆರಂಭಿಸಿತು. ಆದರೆ ಎಲ್ಲವೂ ಉಳಿದಿರುತ್ತವೆಂಬ ಭರವಸೆ ಬೇಡ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಒಂದರ ಮೇಲೆ ಇನ್ನೊಂದನ್ನು ಮುದ್ರಿಸುವುದು ಜಗತ್ತಿನ ಹಲವು ಪ್ರಸಾರ ಸಂಸ್ಥೆಗಳ ರೂಢಿಯಾಗಿತ್ತು. ಬ್ರಿಟನ್ನಿನ ಬಿ.ಬಿ.ಸಿ. ಕೂಡ 'ಡಾಕ್ಟರ್ ಹೂ' ಸರಣಿಯ 1960ರ ದಶಕದ ಹಲವಾರು ಕಂತುಗಳನ್ನು ಹೀಗೆ ಅಳಿಸಿತು. ಮುಂದೆ ಕೆಲವು ಮರಳಿ ಸಿಕ್ಕಿದ್ದು ಪರದೇಶದ ನಿಲ್ದಾಣಗಳಿಗೆ ಕಳಿಸಿದ್ದ ಪ್ರತಿಗಳಿಂದ, ಖಾಸಗಿ ಸಂಗ್ರಹಕಾರರಿಂದ.

ಯಾವುದು ಅಮೂಲ್ಯ ಎಂಬುದು ಅಳಿಸುವ ಹೊತ್ತಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಯಾರೂ ಕೇಳದ ಧಾರಾವಾಹಿಯನ್ನು ಯಾವ ಭಂಡಾರವೂ ಬಹುಕಾಲ ಜೋಪಾನ ಮಾಡುವುದಿಲ್ಲ. ಮನೆಯ ಹಿರಿಯರು ತಾವು ಮೆಚ್ಚಿದ ಒಂದು ಧಾರಾವಾಹಿಯನ್ನು ಹುಡುಕಿ ಮಕ್ಕಳ ಜೊತೆ ಕುಳಿತು ನೋಡಲಿ; ಮಕ್ಕಳು ತಾವು ಮೆಚ್ಚಿದ ಹೊಸದೊಂದನ್ನು ಹಿರಿಯರಿಗೆ ತೋರಿಸಲಿ. ಆ ಸಂಜೆ ಏನು ನೋಡುವುದೆಂಬ ಪ್ರಶ್ನೆಯೂ ತೀರುತ್ತದೆ. ಒಂದು ಒಳ್ಳೆಯ ಕತೆಯ ಆಯುಸ್ಸೂ ಅಷ್ಟು ಹೆಚ್ಚುತ್ತದೆ.