ಹೊಸೂರು ರಸ್ತೆಯ ಆ ತುದಿಯಲ್ಲಿ



ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸ್ ಪಾಳಿ ಮುಗಿಸಿ ಬರುವವರೂ ಎಲೆಕ್ಟ್ರಾನಿಕ್ ಸಿಟಿಯ ಕ್ಯಾಬ್ ಇಳಿಯುವವರೂ ಬೈಯುವುದು ಒಂದೇ ಹೊಸೂರು ರಸ್ತೆಯನ್ನು. ಅದೇ ರಸ್ತೆ ಹಿಡಿದು ಅತ್ತಿಬೆಲೆ ದಾಟಿ, ಕೃಷ್ಣಗಿರಿ, ತಿರುವಣ್ಣಾಮಲೈ, ಸೆಂಜಿ, ದಿಂಡಿವನಂ ಮೇಲೆ ಸುಮಾರು 300 ಕಿ.ಮೀ. ಹೋದರೆ, ಒಂದು ಕಾಲದ ಫ್ರೆಂಚ್ ನೆಲೆ ಪುದುಚೇರಿ ಸಿಗುತ್ತದೆ. ಪ್ಯಾರಿಸ್‌ಗೆ ಹೊರಟವರು ಷೆಂಗೆನ್ ವೀಸಾ ಮಾಡಿಸಬೇಕು, ಕಡಿಮೆಯೆಂದರೂ 30,000 ಯೂರೋಗಳ ವೈದ್ಯಕೀಯ ವಿಮೆ ತೋರಿಸಬೇಕು. ಪುದುಚೇರಿಗೆ ರಜೆ ಚೀಟಿ ಸಾಕು. ಹಾಗೆಂದು ಅದನ್ನು ಪ್ಯಾರಿಸ್ಸಿನ ಅಗ್ಗದ ನಕಲು ಎಂದುಕೊಂಡು ಹೋದರೆ ನಿರಾಸೆ ಖಂಡಿತ. ಅದು ತಮಿಳರೂ ಫ್ರೆಂಚರೂ ಕೂಡಿ ಕಟ್ಟಿದ ಊರು. ಹಾಗೆ ನೋಡಲು ಮನಸ್ಸಿದ್ದರೆ ಎರಡು ದಿನ ಸಾಲುವುದಿಲ್ಲ.

1674ರಲ್ಲಿ ಫ್ರಾನ್ಸ್ವಾ ಮಾರ್ತಾಂ ಅಲ್ಲಿ ಫ್ರೆಂಚ್ ಕಂಪನಿಯ ನೆಲೆ ಹೂಡಿದ. 1761ರಲ್ಲಿ ಬ್ರಿಟಿಷರು ಊರನ್ನು ಕೆಡವಿ ಹಾಕಿದರು. ಫ್ರೆಂಚರಿಗೆ ಅದು ಮರಳಿ ಸಿಕ್ಕಿದ್ದು 1765ರಲ್ಲಿ. ಹಾಗಾಗಿ ನಾವಿಂದು ಕಾಣುವ ಹಳೆಯ ಮನೆಗಳೆಲ್ಲ ಹೆಚ್ಚುಕಡಿಮೆ ಅದರ ಈಚಿನವು. ಆಡಳಿತ ಭಾರತದ ಕೈಗೆ ಬಂದದ್ದು 1954ರ ನವೆಂಬರ್ 1ರಂದು, ಕಾನೂನಿನ ಪ್ರಕಾರ ಹಸ್ತಾಂತರ ಪೂರ್ಣವಾದದ್ದು 1962ರಲ್ಲಿ. ಆಗ ಫ್ರೆಂಚ್ ಪೌರತ್ವವನ್ನೇ ಆರಿಸಿಕೊಂಡ ತಮಿಳು ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಇಂದೂ ಅಲ್ಲಿದ್ದಾರೆ. ಫ್ರಾನ್ಸಿನ ಅಧ್ಯಕ್ಷರ ಚುನಾವಣೆಗೆ ಪುದುಚೇರಿಯಲ್ಲೇ ಮತ ಹಾಕುತ್ತಾರೆ.

ಊರನ್ನು ಒಂದು ಕಾಲುವೆ ಎರಡು ಮಾಡಿದೆ. ಸಮುದ್ರದ ಕಡೆ ಫ್ರೆಂಚರ ಕೇರಿ: ಎತ್ತರದ ಕಾಂಪೌಂಡು, ಹಳದಿ ಗೋಡೆಗೆ ಬಿಳಿ ಅಂಚು, ಮೇಲೆ ಜೋತುಬಿದ್ದ ಕಾಗದದ ಹೂವಿನ ಬಳ್ಳಿ. ಪ್ರವಾಸಿಗರೆಲ್ಲ ಮುಗಿಬೀಳುವುದು ಇಲ್ಲಿಗೇ. ನನಗೆ ಕೇಳಿದರೆ ಕಾಲುವೆ ದಾಟಿ ತಮಿಳರ ಬೀದಿಗಳಿಗೆ ಹೋಗಿ ಎನ್ನುತ್ತೇನೆ. ಅಲ್ಲಿನ ಕೆಲವು ಮನೆಗಳಿಗೆ ಕೆಳಗೆ ಮರದ ಕಂಬದ ಜಗಲಿ, ದಾರಿಹೋಕರು ಕೂರಲೆಂದೇ ಕಟ್ಟಿದ್ದು. ತಲೆಯೆತ್ತಿ ನೋಡಿದರೆ ಮೇಲಂತಸ್ತು ಪೂರ್ತಿ ಬೇರೆ: ಕಮಾನಿನ ಕಿಟಕಿ, ಗಾರೆಯ ಅಲಂಕಾರ, ಪಟ್ಟಿ ಪಟ್ಟಿಯ ಮರದ ಬಾಗಿಲು. ಒಂದೇ ಮನೆಯೊಳಗೆ ಎರಡು ದೇಶ!

ಊಟದಲ್ಲೂ ಇದೇ ಕಥೆ. ಬಾಗೆಟ್, ಕ್ರುವಾಸಾಂ ಈಗ ಬೆಂಗಳೂರಿನ ಬೇಕರಿಗಳಲ್ಲೂ ಸಿಗುತ್ತವೆ, ಅದಕ್ಕಾಗಿ ಅಷ್ಟು ದೂರ ಹೋಗಬೇಕಿಲ್ಲ. ಅಲ್ಲಿ ಹುಡುಕಬೇಕಾದದ್ದು ತಮಿಳು, ಫ್ರೆಂಚ್ ಎರಡೂ ಬೆರೆತ ಕ್ರಿಯೋಲ್ ಅಡುಗೆ. ಅದರ ಜೀವಾಳ ವಡವಂ: ಸಣ್ಣೀರುಳ್ಳಿ, ಬೆಳ್ಳುಳ್ಳಿ, ಉದ್ದಿನಬೇಳೆ, ಸಾಸಿವೆ, ಕರಿಬೇವು ಜಜ್ಜಿ, ಎಣ್ಣೆ ಕೈಯಲ್ಲಿ ನಿಂಬೆಹಣ್ಣಿನಷ್ಟು ಉಂಡೆ ಕಟ್ಟಿ, ದಿನಗಟ್ಟಲೆ ಬಿಸಿಲಿಗೆ ಒಣಗಿಸುವುದು. ಒಗ್ಗರಣೆಗೆ ಒಂದು ಚೂರು ಮುರಿದು ಹಾಕಿದರೆ ಮನೆಯೆಲ್ಲ ಘಮಘಮ. ಇದೇ ಉಂಡೆ ಹಡಗು ಹತ್ತಿ ಫ್ರಾನ್ಸಿಗೆ ಹೋಗಿ, 'ವದುವಾಂ' ಮಸಾಲೆಯಾಗಿ ಈಗ ಅಲ್ಲಿನ ದೊಡ್ಡ ಅಡುಗೆಯವರ ಮೀನಿನ ಸಾರು ಸೇರಿದೆ. ಸಸ್ಯಾಹಾರಿಗಳಿಗೆ ಒಂದು ಮಾತು: ಬದನೆ, ಟೊಮೆಟೊ, ದೊಣ್ಣೆಮೆಣಸಿನ ರಾತಾತುಯಿ ನಿಮಗೆ ಆಗುತ್ತದೆ, ಈರುಳ್ಳಿ ಸೂಪಿನಲ್ಲಿ ಮಾಂಸದ ರಸ, ಕೀಶ್‌ನಲ್ಲಿ ಮೊಟ್ಟೆ ಇರುತ್ತದೆ. ಕೇಳಿಯೇ ತರಿಸಿಕೊಳ್ಳಿ.

ಹೋಗುವುದು ಯಾವಾಗ? ಅಕ್ಟೋಬರ್, ನವೆಂಬರ್ ಬೇಡ. ಹಿಂಗಾರು ಮಳೆಯ, ಚಂಡಮಾರುತದ ಕಾಲ. ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಹಿತ. ಸೆಕೆ ತಡೆಯುತ್ತೇನೆ ಎನ್ನುವವರು ಜುಲೈ 14ಕ್ಕೆ ಹೋಗಿ: ಅದು ಫ್ರಾನ್ಸಿನ ರಾಷ್ಟ್ರೀಯ ದಿನ, ಕಡಲತೀರದ ಯುದ್ಧ ಸ್ಮಾರಕದ ಬಳಿ ಎರಡೂ ದೇಶಗಳ ರಾಷ್ಟ್ರಗೀತೆ ಕೇಳಬಹುದು. ಶನಿವಾರ, ಭಾನುವಾರ ಬೆಂಗಳೂರು, ಚೆನ್ನೈಗಳು ಎರಡೂ ಅಲ್ಲೇ ಇರುತ್ತವೆ. ವಾರದ ನಡುವೆ ಹೋದವರೇ ಜಾಣರು. ರಾತ್ರಿ ಬಸ್ಸು ಬೆಳಗಾಗುವ ಮುಂಚೆಯೇ ಇಳಿಸುತ್ತದೆ, ರೂಮು ಸಿಗುವುದು ಮಧ್ಯಾಹ್ನಕ್ಕೆ. ಬ್ಯಾಗು ಹೋಟೆಲಿನಲ್ಲಿ ಇಟ್ಟು ನೇರ ಕಡಲತೀರದ ರಸ್ತೆಗೆ ನಡೆಯಿರಿ. ಬೆಳಗಿನ ಹೊತ್ತು ಆ ರಸ್ತೆಗೆ ವಾಹನ ಬಿಡುವುದಿಲ್ಲ, ಪೂರ್ವದ ಕಡಲಾದ್ದರಿಂದ ಸೂರ್ಯ ನೀರಿನಿಂದಲೇ ಏಳುತ್ತಾನೆ. ಪಕ್ಕದ ಆರೋವಿಲ್‌ನ ಧ್ಯಾನಮಂದಿರವಾದ ಮಾತೃಮಂದಿರದ ಒಳಗೆ ಕೂರಬೇಕೆಂದರೆ ಮುಂಗಡ ಕಾಯ್ದಿರಿಸಬೇಕು, ಹೋದೊಡನೆ ಬಿಡುವುದಿಲ್ಲ. ಕಾರಿನಲ್ಲಿ ಹೋಗುವವರು ಸೆಂಜಿ ಕೋಟೆಗೆ ಅರ್ಧ ದಿನ ಇಡಿ. 1750ರಲ್ಲಿ ಫ್ರೆಂಚ್ ಸೇನಾನಿ ಬ್ಯುಸಿ ಅದನ್ನು ಗೆದ್ದ ಮೇಲೆ ಹತ್ತು ವರ್ಷ ಅಲ್ಲೂ ಫ್ರೆಂಚರದೇ ಕಾವಲು.

ಅಷ್ಟು ರಜೆ ಇಲ್ಲ, ಆದರೂ ಫ್ರೆಂಚರ ಗುರುತು ಕಾಣಬೇಕು ಎನ್ನುವವರಿಗೆ ಶ್ರೀರಂಗಪಟ್ಟಣ ಇದೆ. ಅಲ್ಲಿನ ಅರಮನೆ ದರಿಯಾ ದೌಲತ್‌ನ ಪಡುವಣ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರದಲ್ಲಿ ದುರ್ಬೀನು ಹಿಡಿದವನೊಬ್ಬನನ್ನು ಹುಡುಕಿ. ಅವನೇ ಲಾಲಿ, ಹೈದರ್ ಸೈನ್ಯದ ಫ್ರೆಂಚ್ ದಳದ ನಾಯಕ. ಅಲ್ಲಿಂದ ಕೂಗಳತೆಯಲ್ಲಿರುವ ಪಾಂಡವಪುರಕ್ಕೆ ಬ್ರಿಟಿಷರು ಫ್ರೆಂಚ್ ರಾಕ್ಸ್ ಎನ್ನುತ್ತಿದ್ದುದು ಆ ದಳದ ಬಿಡಾರ ಅಲ್ಲಿತ್ತೆಂದೇ.

ಕೊನೆಗೆ ಎರಡು ಮಾತು. ಪುದುಚೇರಿಯ ಮದ್ಯ ಅಗ್ಗ. ಆದರೆ ಅದನ್ನು ಕಾರಿನಲ್ಲಿ ತುಂಬಿ ತಂದರೆ ತಮಿಳುನಾಡಿನ ಚೆಕ್‌ಪೋಸ್ಟಿನಲ್ಲಿ ಕೇಸು ಬೀಳುತ್ತದೆ. ಇನ್ನು, ಆ ಹಳದಿ ಗೋಡೆಗಳ ಹಿಂದೆ ಸಂಸಾರಗಳಿವೆ. ಅವರ ಬಾಗಿಲಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಮುಂಚೆ ದಯವಿಟ್ಟು ಒಂದು ಮಾತು ಕೇಳಿ.